ಬಣ್ಣವಿಲ್ಲದ ಗೆರೆ

ಮಸ್ಕಿ
ಆಗಸ್ಟ್ 9

ಅಕ್ಕಾ,

ನನಗೆ ಕೆಂಪಿಗೂ ಹಸಿರಿಗೂ ವ್ಯತ್ಯಾಸ ಕಾಣುವುದಿಲ್ಲ. ಚಿಕ್ಕಂದಿನಿಂದಲೂ ಕಂಡಿಲ್ಲ. ಎರಡೂ ಒಣಹುಲ್ಲಿನ ಥರ ಒಂದೇ ಆಗಿ ಕಾಣುತ್ತವೆ. ಇದನ್ನು ಅವ್ವನಿಗೆ ಹೇಳಿಲ್ಲ, ನಿನಗೂ ಹೇಳಿಲ್ಲ. ಈಗ ಹೇಳಲೇಬೇಕಾಗಿದೆ. ನೀನು ಲಿಂಗಸುಗೂರಿನ ಐಟಿಐಯಲ್ಲಿ ನನಗೆ ಎಲೆಕ್ಟ್ರಿಷಿಯನ್ ಸೀಟು ಹಿಡಿದಿದ್ದೀಯಂತೆ, ಅವ್ವ ಹೇಳಿದಳು. ಅಲ್ಲಿ ಮೊದಲ ದಿನವೇ ವೈರು ಕೈಗೆ ಕೊಡುತ್ತಾರೆ. ಕೆಂಪು ವೈರು ಯಾವುದು ಅಂತ ನಾನು ಪಕ್ಕದವನನ್ನು ಕೇಳುತ್ತ ಕೂತರೆ ಒಂದು ದಿನ ಇಬ್ಬರೂ ಸಾಯುತ್ತೇವೆ.

ಪಿಯುಸಿ ಬಿಟ್ಟದ್ದೂ ಇದಕ್ಕೇ. ಕೆಮಿಸ್ಟ್ರಿ ಪ್ರಾಕ್ಟಿಕಲ್ಲಿನಲ್ಲಿ ಉಪ್ಪು ಸುಟ್ಟು ಉರಿಯ ಬಣ್ಣ ಬರೆಯಬೇಕಿತ್ತು. ಅದು ಹಸಿರಂತೆ, ನಾನು ಕೆಂಪು ಅಂತ ಬರೆದೆ. ಲೆಕ್ಚರರು ಅದನ್ನು ಎಲ್ಲರಿಗೂ ಕೇಳುವ ಹಾಗೆ ಓದಿ, "ಯಾಕಲೇ, ನಿಮ್ಮ ವಳಕಮದಿನ್ನ್ಯಾಗ ಬೇವಿನ ಎಲೀನೂ ಕೆಂಪಗ ಇರ್ತಾವೇನು?" ಅಂದರು. ಎಲ್ಲರೂ ನಕ್ಕರು. ಬ್ಯಾಗು ತಗೊಂಡು ಹೊರಗೆ ಬಂದವನು ಮತ್ತೆ ಒಳಗೆ ಹೋಗಲಿಲ್ಲ. ನೀನು ಫೋನಿನಲ್ಲಿ, "ಓದಾಕ ಮನಸ್ಸಿಲ್ಲೇನು?" ಅಂತ ಕೇಳಿದೆ. ಇಲ್ಲ ಅಂದೆ. ಆ ದಿನದ ಮಟ್ಟಿಗೆ ಅದು ನಿಜವೇ ಆಗಿತ್ತು.

ಹೋದ ಕೆಲಸವನ್ನೂ ಬಿಟ್ಟೆ ಅಂತ ಸಿಟ್ಟಾಗಿ ನೀನು ನನ್ನ ನಂಬರು ಬ್ಲಾಕ್ ಮಾಡಿದ್ದೀಯ, ಅದಕ್ಕೇ ಈ ಕಾಗದ. ವಾರ್ಡಿನಲ್ಲಿ ಕೊಡಲು ಹೇಳಿ ಆಸ್ಪತ್ರೆಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಸೀಟು ಬೇರೆ ಯಾರಿಗಾದರೂ ಕೊಡಲಿ. ನನಗೆ ಇಲ್ಲಿ ಒಂದು ಕೆಲಸ ಸಿಕ್ಕಿದೆ. ಮೊಬೈಲ್ ರಿಪೇರಿ ಅಂಗಡಿ, ಗ್ಯಾರೇಜು, ಝೆರಾಕ್ಸು ಎಲ್ಲ ಬಿಟ್ಟ ಹಾಗೆ ಇದನ್ನು ಬಿಡುತ್ತೇನೋ ಇಲ್ಲವೋ ಗೊತ್ತಿಲ್ಲ. ಬಿಡುವುದಿಲ್ಲ ಅನ್ನಿಸುತ್ತಿದೆ.

ನಿನ್ನ ತಮ್ಮ,
ಯಂಕೋಬ


ಲಿಂಗಸುಗೂರು
ಆಗಸ್ಟ್ 17

ಯಂಕೋಬ,

ನಿನ್ನ ಕಾಗದವನ್ನು ಡ್ಯೂಟಿ ಮುಗಿದ ಮೇಲೆ ಓದಿದೆ. ಮರುದಿನ ಇನ್ನೊಮ್ಮೆ ಓದಿದೆ.

ನಾನು ಎಷ್ಟು ವರ್ಷದಿಂದ ನರ್ಸು? ಮನೆಯಲ್ಲಿದ್ದ ಹುಡುಗನ ಕಣ್ಣು ನನಗೆ ಗೊತ್ತಾಗಲಿಲ್ಲ. ಅವ್ವ ಹಣ್ಣುಮೆಣಸಿನಕಾಯಿ ಕಿತ್ತುಕೊಂಡು ಬಾ ಅಂತ ಕಳಿಸಿದರೆ ನೀನು ಬುಟ್ಟಿ ತುಂಬ ಹಸಿಯವನ್ನು ತಂದಿದ್ದೆ. ಅವ್ವ ಬಾರಕೋಲು ತಗೊಂಡಳು. ನಾನು ಹೊಸ್ತಿಲ ಮೇಲೆ ಕೂತು ನಗುತ್ತಿದ್ದೆ.

ಇಲ್ಲಿ ಕಣ್ಣಿನ ವಿಭಾಗದಲ್ಲಿ ಬಣ್ಣ ಕಾಣುತ್ತದೋ ಇಲ್ಲವೋ ನೋಡುವ ಪುಸ್ತಕ ಇದೆ, ಬಣ್ಣದ ಚುಕ್ಕಿಗಳ ನಡುವೆ ಅಂಕಿ ಅಡಗಿರುತ್ತದೆ. ಭಾನುವಾರ ಬಾ. ಸೀಟಿನ ವಿಷಯ ಆಮೇಲೆ. ಅದೇನು ಕೆಲಸ, ಯಾರ ಹತ್ತಿರ, ಸರಿಯಾಗಿ ಬರೆ. ಹೊಟ್ಟೆ ತುಂಬ ತಿಂತೀಯಾ?

ದೀಪಾ


ಮಸ್ಕಿ
ಆಗಸ್ಟ್ 30

ಅಕ್ಕಾ,

ಭಾನುವಾರ ಆ ಪುಸ್ತಕದ ಪುಟ ತಿರುಗಿಸುವಾಗ ನಿನ್ನ ಮುಖ ನೋಡಿದೆ. ನಾನು ಅಂಕಿ ಹೇಳದೆ ಸುಮ್ಮನೆ ಕೂತಷ್ಟೂ ನೀನು ಪುಟವನ್ನು ಮೆಲ್ಲಗೆ ತಿರುಗಿಸುತ್ತಿದ್ದೆ. ನಂಬರು ಈಗ ಹತ್ತುತ್ತದೆ ಅಂತ ಗೊತ್ತು, ಮೊನ್ನೆ ಮಾಡಿದೆನಲ್ಲ. ಊಟ ಆಯ್ತಾ, ಆಯ್ತು, ನಿಂದು, ಆಯ್ತು. ಅಷ್ಟೇ ಆದರೆ ಕಾಗದವೇ ವಾಸಿ.

ನೀನು ಕೆಲಸದ ಬಗ್ಗೆ ಕೇಳಿದ್ದೆ. ನನ್ನನ್ನು ಇಟ್ಟುಕೊಂಡವರು ರಾಜಶ್ರೀ ಮೇಡಂ. ಸಿಂಧನೂರಿನ ದಲಾಲಿ ಅಂಗಡಿಯವರ ಮಗಳು, ಓದಿದ್ದು ಉಪಗ್ರಹದ ಚಿತ್ರಗಳ ಬಗ್ಗೆ. ಕಾಲುವೆಯ ನೀರು ಬಳಕೆದಾರರ ಸಂಘಕ್ಕೆ ಯಾವ ಹೊಲದಲ್ಲಿ ಯಾವ ಬೆಳೆ ನಿಂತಿದೆ ಅಂತ ನಕ್ಷೆ ಮಾಡಿಕೊಡುತ್ತಾರೆ. ಆಫೀಸು ಅಂದರೆ ಗೊಬ್ಬರದಂಗಡಿಯ ಮೇಲೆ ಒಂದು ಕೋಣೆ. ಅವರಿಗೆ ಬೈಕು ಇರುವ, ಕಾಲುವೆ ದಾರಿ ಗೊತ್ತಿರುವ ಒಬ್ಬ ಹುಡುಗ ಬೇಕಿತ್ತು. ನಾನು ಹೊಲಗಳಿಗೆ ಹೋಗಿ, ಬದುವಿನ ಮೇಲೆ ನಿಂತು, ಫೋನಿನಲ್ಲಿ ಆ ಜಾಗದ ಗುರುತು ಹಿಡಿದು, ಬೆಳೆಯ ಹೆಸರು ಬರೆದು ಕಳಿಸಬೇಕು. ಪ್ರೋಗ್ರಾಮು ಅದನ್ನು ನೋಡಿ ಕಲಿತು ಉಳಿದ ಹೊಲಗಳನ್ನು ತಾನೇ ಗುರುತಿಸುತ್ತದೆ.

ಮೊದಲ ದಿನ ಲ್ಯಾಪ್‌ಟಾಪಿನಲ್ಲಿ ಬಣ್ಣಬಣ್ಣದ ಒಂದು ಚಿತ್ರ ತೋರಿಸಿ, "ಚಂದ ಐತಿಲ್ಲೋ?" ಅಂದರು. ನನಗೆ ಅದು ಕಲಸಿಟ್ಟ ಹಿಟ್ಟು. ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಆಮೇಲೆ ಅವರು ಮಾಡಿದ್ದು ನೋಡಿ ಕೂತಲ್ಲೇ ಕೂತೆ.

ಉಪಗ್ರಹ ಕೆಲವು ದಿನಕ್ಕೊಮ್ಮೆ ನಮ್ಮ ತಲೆಯ ಮೇಲೆ ಹಾದು ಅದೇ ನೆಲದ ಚಿತ್ರ ತೆಗೆಯುತ್ತದೆ. ಮೇಡಂ ಆ ಚಿತ್ರಗಳನ್ನೆಲ್ಲ ತಾರೀಖಿನ ಪ್ರಕಾರ ಒಂದರ ಮೇಲೊಂದು ಪೇರಿಸಿಟ್ಟಿದ್ದಾರೆ. "ನಮ್ಮಪ್ಪ ಅಂಗಡ್ಯಾಗ ಏನ್ ಮಾಡ್ತಿದ್ದ ಗೊತ್ತೇನು? ಚೀಲ ಬಿಚ್ಚತಿದ್ದಿಲ್ಲ. ಚೂಪನ್ನ ಕೊಳವಿ ಚುಚ್ಚಿ ಒಂದ್ ಹಿಡಿ ಕಾಳು ಹೊರಗ ತೆಗೀತಿದ್ದ. ಒಳಗಿಂದೆಲ್ಲ ಅದರಾಗ ಗೊತ್ತಾಗ್ತಿತ್ತು. ನಾನೂ ಅದನ್ನ ಮಾಡಾಕತ್ತೀನಿ ನೋಡು" ಅಂದರು. ಆಮೇಲೆ, "ಈ ರಾಶಿಗೆ ನಾಕು ದಿಕ್ಕು. ಪೂರ್ವ ಪಶ್ಚಿಮ ಒಂದು, ದಕ್ಷಿಣ ಉತ್ತರ ಒಂದು, ತಾರೀಖು ಒಂದು, ಉಪಗ್ರಹ ಯಾವ ಥರದ ಬೆಳಕಿನ್ಯಾಗ ಚಿತ್ರ ತೆಗೀತು ಅನ್ನೋದು ಒಂದು. ಮೂರನ್ನ ಹಿಡಕೋ, ಒಂದನ್ನ ಬಿಟ್ಟುಬಿಡು" ಅಂದರು. ಕೀಲಿಮಣೆ ಒತ್ತಿ ಮೂರು ಜಾಗದಲ್ಲಿ ಅಂಕಿ ಬರೆದರು. ತಾರೀಖಿನ ಜಾಗದಲ್ಲಿ ಅಂಕಿ ಬರೆಯದೆ ಒಂದರ ಮೇಲೊಂದು ಎರಡು ಚುಕ್ಕಿ ಇಟ್ಟರು. ಇಲ್ಲಿ ಇರುವುದೆಲ್ಲ ಕೊಡು ಅಂತ ಅದರ ಅರ್ಥವಂತೆ. ಇಷ್ಟು ದೊಡ್ಡ ರಾಶಿಯಿಂದ ಒಂದೇ ಒಂದು ಗೆರೆ ಹೊರಗೆ ಬಂತು.

"ಯಾವ ಹೊಲ ತೆಗೀಲಿ? ನಿಮ್ಮೂರದು ಹೇಳು" ಅಂದರು. ಅವ್ವ ಪ್ರತಿ ವರ್ಷ ನಾಟಿಗೆ ಹೋಗುವ ವೀರೇಶಪ್ಪನ ಗದ್ದೆ ತೋರಿಸಿದೆ. ಹೋದ ವರ್ಷದ ಗೆರೆ ಬಂತು. ಪೈರು ದಟ್ಟವಾದಷ್ಟೂ ಗೆರೆ ಮೇಲೇರುತ್ತದಂತೆ. ಬೇಸಿಗೆಯಲ್ಲಿ ನೆಲಕ್ಕೆ ಹತ್ತಿಕೊಂಡು ನಡೆದಿತ್ತು. ಗದ್ದೆಗೆ ನೀರು ನಿಲ್ಲಿಸಿದ ವಾರ ಇನ್ನೂ ಕೆಳಗೆ ಒಂದು ತಗ್ಗಿಗೆ ಇಳಿಯಿತು. ಆಮೇಲೆ ಏರಿ, ಗುಡ್ಡದ ಹಾಗೆ ನಿಂತು, ಕೊಯ್ಲಿಗೆ ದಬಕ್ಕನೆ ಬಿತ್ತು. ಅಕ್ಕಾ, ಆ ತಗ್ಗಿನಲ್ಲಿ ಅವ್ವ ಸೊಂಟ ಬಗ್ಗಿಸಿಕೊಂಡು ಇದ್ದಳು. ಯಾರೂ ಬರೆದಿಟ್ಟಿರಲಿಲ್ಲ, ಆದರೂ ಇತ್ತು.

ಗೆರೆಗೆ ಬಣ್ಣ ಇರಲಿಲ್ಲ. ಬಿಳಿಯ ಮೇಲೆ ಕಪ್ಪು. ನಾನು ಯಾರನ್ನೂ ಕೇಳದೆ ಓದಿದೆ.

ಹೊಟ್ಟೆ ತುಂಬ ತಿಂತೀನಿ.

ಯಂಕೋಬ


ಲಿಂಗಸುಗೂರು
ಸೆಪ್ಟೆಂಬರ್ 11

ಯಂಕೋಬ,

ಗೆರೆಯ ವಿಷಯ ಓದಿದಾಗ ಇಸಿಜಿ ನೆನಪಾಯಿತು. ಇಡೀ ಮನುಷ್ಯ ಮಂಚದ ಮೇಲೆ ಮಲಗಿರುತ್ತಾನೆ, ನಾವು ಕಾಗದದ ಪಟ್ಟಿ ನೋಡುತ್ತಿರುತ್ತೇವೆ. ಅವ್ವನ ಬಗ್ಗೆ ಬರೆದ ಸಾಲನ್ನು ಮತ್ತೆ ಮತ್ತೆ ಓದಿದೆ.

ಐಟಿಐ ಪ್ರಿನ್ಸಿಪಾಲರ ಹತ್ತಿರ ಹೋಗಿದ್ದೆ. ಎಲೆಕ್ಟ್ರಿಷಿಯನ್ ಬೇಡ, ಫಿಟ್ಟರ್ ಕೊಡಿ ಅಂದೆ. ಅದಕ್ಕೆ ಕಣ್ಣಿನ ತೊಂದರೆ ಇಲ್ಲವಂತೆ. ಒಂದು ಸೀಟು ಉಳಿದಿದೆ, ಅಕ್ಟೋಬರ್ 24ರ ತನಕ ಹಿಡಿದಿಡುತ್ತೇನೆ ಅಂದಿದ್ದಾರೆ. ಮೇಡಂ ಎಷ್ಟೇ ಒಳ್ಳೆಯವರಿರಲಿ, ಸಂಘದ ಕೆಲಸ ಮುಗಿದ ದಿನ ನಿನ್ನ ಕೆಲಸವೂ ಮುಗಿಯುತ್ತದೆ. ಸರ್ಟಿಫಿಕೇಟು ಇದ್ದರೆ ಕೈಯಲ್ಲಿ ಇರುತ್ತದೆ.

ಒಂದು ಪ್ರಶ್ನೆ. ನಿನ್ನ ಕಣ್ಣಿನ ವಿಷಯ ಅವರಿಗೆ ಹೇಳಿದ್ದೀಯಾ?

ದೀಪಾ


ಮಸ್ಕಿ
ಸೆಪ್ಟೆಂಬರ್ 25

ಅಕ್ಕಾ,

ಹೇಳಿಲ್ಲ.

ನೀನು ಕೇಳಿದ ಮೇಲೆ ಎರಡು ಸಲ ಬಾಯಿ ತೆರೆದೆ. ಒಂದು ಸಲ ಕರೆಂಟು ಹೋಯಿತು. ಇನ್ನೊಂದು ಸಲ ಮೇಡಂ, "ಇಲ್ಲಿ ಬಾ, ಒಂದು ಮಜಾ ತೋರಸ್ತೀನಿ" ಅಂದರು. ಇಷ್ಟು ದಿನ ತಾರೀಖನ್ನು ಬಿಟ್ಟು ಗೆರೆ ತೆಗೆಯುತ್ತಿದ್ದೆವು. ಆ ದಿನ ತಾರೀಖನ್ನು ಹಿಡಿದು, ಕಾಲುವೆಯ ಗುಂಟ ಮೇಲಿನಿಂದ ಕೆಳಗಿನ ತನಕ ಗೆರೆ ತೆಗೆದರು. ಸಿಂಧನೂರು ಕಡೆ ಎತ್ತರಕ್ಕೆ ಹೋಗಿ, ಮಸ್ಕಿ ದಾಟುತ್ತಿದ್ದ ಹಾಗೆ ಇಳಿಯುತ್ತ, ಕಾಲುವೆಯ ಕೊನೆಯ ಪಾಮನಕಲ್ಲೂರು ಕಡೆಗೆ ನೆಲಕ್ಕೆ ಬಂತು. ರಾಶಿ ಅದೇ. ಬೇರೆ ಕಡೆಯಿಂದ ಚುಚ್ಚಿದ್ದಕ್ಕೆ ಬೇರೆ ಕಥೆ ಬಂತು. ನೀರು ನಮಗೆ ಮುಟ್ಟುವುದೇ ಇಲ್ಲ ಅಂತ ಕೆಳಭಾಗದ ರೈತರು ಪ್ರತಿ ಸಭೆಯಲ್ಲಿ ಎದ್ದು ನಿಂತು ಕೂಗುವುದನ್ನೆಲ್ಲ ಆ ಗೆರೆ ಒಂದೇ ಇಳಿಜಾರಿನಲ್ಲಿ ಹೇಳಿತು. ಮೇಡಂ ಅದನ್ನು ಎಷ್ಟೋ ಹೊತ್ತು ನೋಡುತ್ತ ಕೂತು, "ನಮ್ಮಪ್ಪನ ಅಂಗಡಿಗೆ ಬರೋ ನೆಲ್ಲೆಲ್ಲ ಮ್ಯಾಲಿಂದ ಬರ್ತಿತ್ತು, ಯಾಕಂತ ನಾ ಒಂದಿನಾನೂ ಕೇಳಿಲ್ಲ" ಅಂದರು. ಹೀಗೆ ತಮ್ಮ ಮೇಲೇ ತೂಕ ಹಾಕಿಕೊಂಡು ಮಾತಾಡುವವರನ್ನು ನಾನು ನೋಡಿರಲಿಲ್ಲ. ಅವರ ಮುಂದೆ ಸಣ್ಣವನಾಗಲು ಮನಸ್ಸು ಬರಲಿಲ್ಲ.

ಇನ್ನೂ ಒಂದು ಇದೆ. ಮೊದಲ ಕರಡು ನಕ್ಷೆ ಪ್ರಿಂಟ್ ಹಾಕಿ ನನ್ನ ಕೈಗೆ ಕೊಟ್ಟರು. "ಹಸಿರು ಅಂದ್ರ ನೆಲ್ಲು, ಕೆಂಪು ಅಂದ್ರ ನವಣಿ. ನೀ ಕಣ್ಣಾರೆ ನೋಡಿ ಬಂದಾವ. ತಪ್ಪಿದ್ದಲ್ಲಿ ಪೆನ್ನಿಲೆ ಸುತ್ತು ಹಾಕು" ಅಂದರು. ಮೂರು ದಿನ ಇಟ್ಟುಕೊಂಡೆ. ಎಲ್ಲ ಒಂದೇ ಥರ ಕಂಡಿತು. ಒಂದೂ ಸುತ್ತು ಹಾಕದೆ ವಾಪಸು ಕೊಟ್ಟೆ. "ಎಲ್ಲಾ ಬರೋಬ್ಬರಿ ಐತೇನು?" ಅಂದರು. ನಾನು ಮಾತಾಡಲಿಲ್ಲ. ಅವರು ಹೌದು ಅಂತ ತಿಳಿದರು.

ನಾನು ಸುಳ್ಳು ಹೇಳುವುದಿಲ್ಲ ಅಂತ ನಿನಗೆ ಗೊತ್ತು. ಹೇಳಿಲ್ಲ. ಆದರೂ ಅನ್ನ ಸೇರುತ್ತಿಲ್ಲ.

ಯಂಕೋಬ


ಮಸ್ಕಿ
ಅಕ್ಟೋಬರ್ 14

ಅಕ್ಕಾ,

ನೀನು ಉತ್ತರ ಬರೆದಿಲ್ಲ. ಬರೆಯದಿದ್ದದ್ದು ಸರಿಯೇ. ಆದರೂ ಇದನ್ನು ನಿನಗೆ ಹೇಳದೆ ಇರಲಾರೆ.

ಸೋಮವಾರ ಮೇಡಂ ನಾನು ಗುರುತು ಹಿಡಿದ ಜಾಗಗಳನ್ನೆಲ್ಲ ತೆಗೆದು ಒಂದೊಂದರ ಗೆರೆ ಎಳೆಯುತ್ತ ಕೂತಿದ್ದರು. ಪಾಮನಕಲ್ಲೂರಿನ ಹೊಲಗಳಿಗೆ ಬಂದಾಗ ನಿಲ್ಲಿಸಿದರು. ಆಗಸ್ಟಿನಲ್ಲಿ ಅವನ್ನೆಲ್ಲ ನಾನು ನವಣೆ ಅಂತ ಬರೆದಿದ್ದೆ. ಒಣ ನೆಲ, ಕೂರಿಗೆಯಲ್ಲಿ ಬಿತ್ತಿದ ಸಾಲು, ಹುಲ್ಲಿನಂಥ ಎಳೆ ಪೈರು. ಹನಿ ನೀರು ನಿಂತಿರಲಿಲ್ಲ.

"ಏ ಯಂಕೋಬ, ನವಣಿ ಎಷ್ಟು ತಿಂಗಳ ಬೆಳಿ?"

"ಮೂರು ತಿಂಗಳ್ರೀ."

"ಬಿತ್ತಿದ್ದು ಜುಲೈದಾಗ. ಇಷ್ಟೊತ್ತಿಗೆ ಕೊಯ್ದು ಗೆರಿ ಬಿದ್ದಿರಬೇಕಿತ್ತು. ಇದು ಯಾಕ ಇನ್ನಾ ನಿಂತೈತಿ?"

ಅವರು ಪಕ್ಕದಲ್ಲೇ ವೀರೇಶಪ್ಪನ ಗದ್ದೆಯ ಗೆರೆ ಎಳೆದರು. ಮೊದಲಿನ ಆ ತಗ್ಗು ಒಂದನ್ನು ಬಿಟ್ಟರೆ ಎರಡೂ ಒಂದೇ ಆಕಾರ. ಮೇಡಂ ಎದ್ದು ಚಪ್ಪಲಿ ಹಾಕಿಕೊಂಡರು. "ಗಾಡಿ ತೆಗಿ" ಅಂದರು.

ಅಲ್ಲಿ ಮೊದಲ ಹೊಲ ದಾವಲ್‌ಸಾಬ್ ಅನ್ನುವವರದು. ತೆನೆ ಹೊರಗೆ ಬರುತ್ತಿದೆ, ಭತ್ತದ ತೆನೆ. ಇದು ನಾಟಿ ಮಾಡಿದ್ದಲ್ಲ. ಒಣ ನೆಲಕ್ಕೆ ಕೂರಿಗೆಯಲ್ಲೇ ಭತ್ತ ಬಿತ್ತಿ, ಕಾಲುವೆ ನೀರು ಬಂದಾಗ ಬಂದಷ್ಟು ಹಾಯಿಸುತ್ತಾರೆ. ಗದ್ದೆ ತುಂಬಿಸುವಷ್ಟು ನೀರು ಅವರಿಗೆ ಎಂದೂ ಬಂದಿಲ್ಲ, ಅದಕ್ಕೆ ಈ ದಾರಿ. ಗೆರೆಯಲ್ಲಿ ತಗ್ಗು ಇರದದ್ದು ಅದಕ್ಕೇ. ನೀರು ನಿಲ್ಲದ ಭತ್ತವನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಆಗಸ್ಟಿನಲ್ಲಿ ಹೊಲದಲ್ಲಿ ಯಾರೂ ಇರಲಿಲ್ಲ. ಊರೊಳಗೆ ಹೋಗಿ ಕೇಳಲೂ ಇಲ್ಲ, ಕೇಳುವುದೇನಿದೆ ಅಂದುಕೊಂಡಿದ್ದೆ.

ದಾವಲ್‌ಸಾಬ್ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಯಾವೂರು ಬೇಟಾ?" ಅಂದರು.

"ವಳಕಮದಿನ್ನಿರೀ."

"ಹ್ಞಾಂ, ಹಂಗನ್ನು! ಮೊಣಕಾಲ್ಮಟ ನೀರಾಗ ನಿಂತ್ರ ಅಷ್ಟ ನಿಮಗ ನೆಲ್ಲು! ಏ ಕನಕಮ್ಮಾ, ಬಾ ಇಲ್ಲಿ, ಸಿಂಧನೂರು ಕಡಿ ಹುಡುಗ ನಮ್ಮ ನೆಲ್ಲಿಗೆ ನವಣಿ ಅಂತ ಹೆಸರಿಟ್ಟಾನ, ತೊಟ್ಟಿಲಕ್ಕ ಹಾಕೂಣು!"

ಪಕ್ಕದ ಹೊಲದ ಕನಕಮ್ಮ ಕಳೆ ಕೀಳುವುದನ್ನು ಬಿಟ್ಟು ನಕ್ಕಳು. ಮೇಡಂ ಕೂಡ ನಕ್ಕರು. ನಾನೂ ನಗಬೇಕಿತ್ತು. ಆದರೆ ದಾವಲ್‌ಸಾಬ್ ನಗು ನಿಲ್ಲಿಸಿ ಮೇಡಂ ಕಡೆ ತಿರುಗಿ, "ಅಲ್ರೀ ಅಮ್ಮಾರ, ನಕ್ಷಾದಾಗ ನವಣಿ ಅಂತ ಬಿದ್ರ, ಈ ತಿಂಗಳ ಕೊನೀಗೆ ನಮ್ಮ ಕಡಿ ನೀರು ಬಿಡ್ತಾರೇನು? ಈಗ ಒಂದ್ ನೀರು ಬರಲಿಲ್ಲಂದ್ರ ತೆನಿ ಎಲ್ಲಾ ಜೊಳ್ಳು ಆಗ್ತೈತಿ" ಅಂದರು.

ಸಂಘದ ಸಭೆ ತಿಂಗಳ ಕೊನೆಯಲ್ಲಿ ಇದೆ. ಕೊನೆಯ ಸರದಿಯ ನೀರು ಯಾವ ಕಡೆಗೆ ಅಂತ ನಕ್ಷೆ ನೋಡಿ ತೀರ್ಮಾನ ಮಾಡುತ್ತಾರೆ, ಮಳೆಗೇ ಬೆಳೆಯುವ ನವಣೆಗೆ ನೀರು ಬಿಡುವುದಿಲ್ಲ. ಕರಡು ನಕ್ಷೆ ಆಗಲೇ ಅವರ ಕೈ ಸೇರಿದೆ.

ಬರುವಾಗ ದಾರಿಯಲ್ಲಿ ಮೇಡಂ, "ಪೈರು ನೋಡಿ ತಪ್ಪಿದ್ದು ಇರಲಿ, ನಾನಿದ್ರೂ ತಪ್ಪತಿದ್ದೆ. ಆದ್ರ ನಕ್ಷಾ ಕೈಯಾಗ ಕೊಟ್ಟಿದ್ನೆಲ್ಲೋ. ಪಾಮನಕಲ್ಲೂರು ಇಡೀ ಕೆಂಪಗಿತ್ತು. ಊರಿಗೆ ಊರ ನವಣಿ ಬಿತ್ತತಾರೇನು ಅಂತ ಒಂದಾದ್ರೂ ಅನುಮಾನ ಬರಲಿಲ್ಲೇನು ನಿನಗ?" ಅಂದರು. ಬೈಕಿನ ಹಿಂದೆ ಕೂತು ಕೇಳಿದರು, ನನ್ನ ಮುಖ ಅವರಿಗೆ ಕಾಣಲಿಲ್ಲ.

ಕಂಡಿದ್ದರೆ ಹೇಳಿಬಿಡುತ್ತಿದ್ದೆ ಅಂತ ಬರೆಯಲು ಹೊರಟೆ. ಅದು ನಿಜವೋ ಅಲ್ಲವೋ ಗೊತ್ತಿಲ್ಲ, ಅದಕ್ಕೆ ಬರೆಯುವುದಿಲ್ಲ.

ಯಂಕೋಬ


ಲಿಂಗಸುಗೂರು
ಅಕ್ಟೋಬರ್ 18

ಯಂಕೋಬ,

ನೀನು ಊರಿನವರ ತಪ್ಪನ್ನೆಲ್ಲ ಅವರ ಮುಖದ ಮೇಲೆ ಹೇಳುತ್ತಿದ್ದೆ. ವೀರೇಶಪ್ಪ ಕೂಲಿ ಕಡಿಮೆ ಕೊಟ್ಟಾಗ ಅವನ ಕಟ್ಟೆಗೇ ಹೋಗಿ ಜಗಳ ಮಾಡಿ ಬಂದವನು ನೀನು. ಅವ್ವ ಹೆದರಿ ಒಳಗೆ ಕೂತಿದ್ದಳು, ನಾನು ಬಾಗಿಲಲ್ಲಿ ನಿಂತು ನಿನ್ನ ದಾರಿ ಕಾಯುತ್ತಿದ್ದೆ. ಆ ದಿನ ನಿನ್ನ ಮೇಲೆ ನನಗೆ ಎಷ್ಟು ಹೆಮ್ಮೆ ಅಂತ ನಾನು ಹೇಳಲಿಲ್ಲ. ನಮ್ಮ ಮನೆಯಲ್ಲಿ ಅಂಥದ್ದನ್ನು ಯಾರೂ ಹೇಳುವುದಿಲ್ಲ.

ಹೇಳಿದರೆ ಕೆಲಸ ಹೋಗಬಹುದು. ಹೋದರೆ ಇಲ್ಲಿ ಸೀಟು ಇದೆ, 24ರ ಸಂಜೆಯ ತನಕ. ಹೇಳದಿದ್ದರೆ ಆ ಹೆಂಗಸು ನಿನ್ನನ್ನು ಬೇಜವಾಬ್ದಾರಿ ಅಂತ ತಿಳಿಯುತ್ತಾಳೆ, ನೀನೂ ಹಾಗೇ ತಿಳಿಯಲು ಶುರು ಮಾಡುತ್ತೀಯ. ಪಿಯುಸಿಯಲ್ಲಿ ಆದದ್ದು ಅದೇ.

ಹೋಗಿ ಹೇಳು.

ನಿನ್ನ ಅಕ್ಕ


ಮಸ್ಕಿ
ಅಕ್ಟೋಬರ್ 23

ಅಕ್ಕಾ,

ಹೇಳಿದೆ.

ಇಂದು ಬೆಳಿಗ್ಗೆ ನಿನ್ನ ಕಾಗದ ಬಂತು. ಜೇಬಿನಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿದೆ. ಮೇಡಂ ಚಹಾ ಕುಡಿಯುತ್ತಿದ್ದರು. ನಿಂತುಕೊಂಡೇ ಹೇಳಿದೆ. "ಮೇಡಂ, ನನಗ ಕೆಂಪು ಹಸಿರು ಎರಡೂ ಒಂದ ಕಾಣ್ತಾವ್ರೀ. ನಕ್ಷಾ ನಾ ನೋಡಿಲ್ಲ. ನೋಡಿದೆ, ಆದ್ರ ಕಾಣಲಿಲ್ಲ. ಬರೋಬ್ಬರಿ ಐತೇನು ಅಂತ ನೀವು ಕೇಳಿದಾಗ ಸುಮ್ಮನಿದ್ದೆ."

ಚಹಾದ ಕಪ್ಪು ಕೆಳಗಿಟ್ಟರು. ಕೆಳಗೆ ಗೊಬ್ಬರದ ಚೀಲ ಇಳಿಸುವ ಸದ್ದು ಕೇಳುತ್ತಿತ್ತು.

"ಯಾವಾಗಿಂದ?"

"ಹುಟ್ಟಿದಾಗಿಂದ್ರೀ."

"ಬಂದ ದಿನಾನ ಹೇಳಿದ್ರ ಏನಾಗ್ತಿತ್ತಲೇ?" ದನಿ ಏರಿತು. ಅವರು ನನಗೆ ಲೇ ಅಂದದ್ದು ಅದೇ ಮೊದಲು. "ನಿನ್ನ ಕಣ್ಣಿನ ಮ್ಯಾಲೆ ಅಲ್ಲ ನನ್ನ ಸಿಟ್ಟು. ನಿನ್ನ ಬಾಯಿ ಮ್ಯಾಲೆ. ಊರಿಗೆಲ್ಲಾ ಬಯ್ಯಾಕ ಬರ್ತೈತಿ, ಇದೊಂದು ಹೇಳಾಕ ಬರಲಿಲ್ಲ. ಅಲ್ಲಿ ಆ ಸಾಬರ ತೆನಿ ಜೊಳ್ಳು ಹೋದ್ರ ಯಾರ್ ಜವಾಬು ಕೊಡಾವ್ರು? ನೀನಾ, ನಾನಾ?"

ನಾನು ತಲೆ ಬಗ್ಗಿಸಿದೆ. ಹೊರಡಬೇಕೋ ನಿಲ್ಲಬೇಕೋ ಗೊತ್ತಾಗಲಿಲ್ಲ. ಅವರು ಕುರ್ಚಿ ಎಳೆದು, "ಕುಂದ್ರು" ಅಂದರು. ಲ್ಯಾಪ್‌ಟಾಪಿನಲ್ಲಿ ಆ ನಕ್ಷೆ ತೆರೆದರು, ಒಂದು ಸಾಲು ಬದಲಾಯಿಸಿದರು. ನಕ್ಷೆ ಬಿಳಿ, ಬೂದು, ಕಪ್ಪು ಆಯಿತು. ಭತ್ತ ಕಪ್ಪು, ನವಣೆ ಬಿಳಿ. ಪಾಮನಕಲ್ಲೂರು ಬೆಳ್ಳಗೆ ಬೋಳಾಗಿ ನಿಂತಿತ್ತು. ಅಕ್ಕಾ, ಕುರುಡನಿಗೂ ಕಾಣುವ ಹಾಗಿತ್ತು.

"ಕಾಣಾಕತ್ತೈತೇನು ಈಗ?"

"ಹೂನ್ರೀ."

"ಇಷ್ಟ ಕೆಲಸ ಇತ್ತು. ಒಂದ್ ಸಾಲು." ಆಮೇಲೆ ಸ್ವಲ್ಪ ತಣ್ಣಗಾದರು. "ಕೇಳು ಇಲ್ಲಿ. ಈ ರಾಶಿಯಾಗ ಹಸಿರೂ ಇಲ್ಲ, ಕೆಂಪೂ ಇಲ್ಲ. ಬರೇ ಅಂಕಿ ಅದಾವ. ಬಣ್ಣ ನಾವು ಹಚ್ಚೀವಿ, ನಮಗ ಲಗೂನ ತಿಳೀಲಿ ಅಂತ. ನಮಗ ಅನ್ನೂವಾಗ ಅದರಾಗ ನೀ ಅದೀಯೋ ಇಲ್ಲೋ ಅಂತ ನಾ ಕೇಳಬೇಕಿತ್ತು, ಕೇಳಲಿಲ್ಲ. ಅದು ನಂದು. ಸುಮ್ಮನಿದ್ದದ್ದು ನಿಂದು."

ಇಷ್ಟು ಹೇಳಿ, ಸಂಘದ ಕಾರ್ಯದರ್ಶಿ ಪಂಪಾಪತಿಯವರಿಗೆ ಫೋನು ಹಚ್ಚಿದರು. ಕರಡಿನಲ್ಲಿ ತಪ್ಪಿದೆ, ನಮ್ಮ ಕಡೆಯಿಂದ ಆದ ತಪ್ಪು, ಅಂದರು. ನನ್ನ ಹೆಸರು ಹೇಳಲಿಲ್ಲ. ನಾನು ಕೈ ಚಾಚಿ ಫೋನು ಕೇಳಿದೆ. ಅವರು ಒಂದು ಗಳಿಗೆ ನನ್ನನ್ನೇ ನೋಡಿ ಕೊಟ್ಟರು. ಆ ಹೊಲಗಳನ್ನು ನವಣೆ ಅಂತ ಬರೆದವನು ನಾನು, ಯಂಕೋಬ ಅಂತ ನನ್ನ ಹೆಸರು, ಅಂತ ಪಂಪಾಪತಿಯವರಿಗೆ ಹೇಳಿದೆ. ಅವರು, "ತಮ್ಮಾ, ಮೂವತ್ತನೇ ತಾರೀಖಿಗೆ ಸಭೆ. ಕಂಪ್ಯೂಟರ್ ಹೇಳ್ತೈತಿ ಅಂದ್ರ ನಡೆಯಂಗಿಲ್ಲ. ಮ್ಯಾಲಿನವರು ಸುಮ್ನ ಬಿಡಂಗಿಲ್ಲ. ಒಂದೊಂದು ಹೊಲಕ್ಕ ಹೋಗಿ, ರೈತನ್ನ ನಿಂದರಿಸಿ, ಫೋಟೋ ತೆಗೆದು ತಂದ್ರ ನೋಡೂಣು" ಅಂದರು.

ಕೆಳಭಾಗದ ಹೊಲಗಳನ್ನೆಲ್ಲ ಮತ್ತೆ ನಡೆಯಬೇಕು. ಅಲ್ಲೇ ಉಳಿಯಬೇಕಾಗುತ್ತದೆ. ದಾವಲ್‌ಸಾಬರು ಫೋನಿನಲ್ಲಿ ತಮ್ಮ ಮನೆಯ ಪಡಸಾಲೆಯಲ್ಲಿ ಮಲಗು ಅಂದಿದ್ದಾರೆ, "ನವಣಿ ಅನ್ನ ಮಾಡಿಸ್ತೀನಿ ಬಾ" ಅಂತಲೂ ಅಂದಿದ್ದಾರೆ. ಮೇಡಂ ಪ್ರತಿ ಹೊಲದ ಗೆರೆಯನ್ನು ಕಪ್ಪಿನಲ್ಲಿ ಪ್ರಿಂಟ್ ಹಾಕಿ ಕೊಟ್ಟಿದ್ದಾರೆ. ಎಲ್ಲಿ ಪೈರಿನ ಬಣ್ಣ ಬರೆಯಬೇಕೋ ಅಲ್ಲಿ ರೈತನನ್ನೇ ಕೇಳಿ, ಅವನು ಹೇಳಿದ್ದನ್ನೇ ಬರೆ, ನಿನ್ನದು ಬೇಡ, ಅಂದಿದ್ದಾರೆ.

ಆಮೇಲೆ ನನ್ನನ್ನು ಇಟ್ಟುಕೊಳ್ಳುತ್ತೀರಾ ಅಂತ ಕೇಳಿದೆ. "ಮೊದಲು ಹೋಗಿ ಬಾ. ಬಂದ ಮ್ಯಾಲೆ ನೋಡೂಣು" ಅಂದರು. ಅವರು ಸುಮ್ಮನೆ ಮಾತು ಕೊಡುವವರಲ್ಲ. ಕೊಟ್ಟಿದ್ದರೆ ನನಗೇ ನಂಬಿಕೆ ಬರುತ್ತಿರಲಿಲ್ಲ.

ಫಿಟ್ಟರ್ ಸೀಟಿಗೆ ನಾಳೆಯೇ ಕೊನೆಯ ದಿನ ಅಂತ ಗೊತ್ತು. ನೀನು ಅದಕ್ಕಾಗಿ ಎಷ್ಟು ಸಲ ಆ ಪ್ರಿನ್ಸಿಪಾಲರ ಬಾಗಿಲಲ್ಲಿ ನಿಂತಿದ್ದೀಯ ಅಂತಲೂ ಗೊತ್ತು, ನೀನು ಬರೆಯದಿದ್ದರೂ. ಈ ಕಾಗದ ನಿನಗೆ ಮುಟ್ಟುವ ಹೊತ್ತಿಗೆ ತಡವಾಗಿರುತ್ತದೆ, ಅದಕ್ಕೆ ಈಗಲೇ ಫೋನು ಮಾಡಿ ಸೀಟು ಬಿಟ್ಟುಬಿಡು ಅಂತ ಹೇಳುತ್ತೇನೆ. ನೀನು ಬಯ್ದರೆ ಪೂರ್ತಿ ಕೇಳಿಸಿಕೊಳ್ಳುತ್ತೇನೆ.

ನಾಳೆ ಬೆಳಿಗ್ಗೆ ಪಾಮನಕಲ್ಲೂರಿಗೆ ಹೋಗುತ್ತಿದ್ದೇನೆ.

ಯಂಕೋಬ